ಕಾಯಕವುಂಟು, ದಾಸೋಹವೆಲ್ಲಿ?

೨೦೨೫ನೆಯ ಇಸವಿಯಲ್ಲಿ ರೊಟ್ಟಿಯು ಮೂರು ಸಲ ಸರಕಾರದವರ ಬಾಯಿಗೆ ಬಂದಿತು, ಉಣ್ಣಲಿಕ್ಕಲ್ಲ, ಮಾತಿಗೆ. ಜೂನ್ ೨೯ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿಯ ಭಾಷಣದಲ್ಲಿ, ಕಲಬುರಗಿಯ ಸ್ತ್ರೀಯರು ಜೋಳದ ರೊಟ್ಟಿಗೆ ಒಂದು ಹೆಸರನ್ನೂ ಮುದ್ರೆಯನ್ನೂ ಸಂಪಾದಿಸಿಕೊಟ್ಟ ಸಂಗತಿಯನ್ನು ಕೊಂಡಾಡಿದರು; ದಿನಕ್ಕೆ ಮೂರು ಸಾವಿರಕ್ಕೆ ಮಿಕ್ಕಿ ರೊಟ್ಟಿಗಳು ಅವರ ಸಂಘದಿಂದ ಹೊರಬೀಳುತ್ತವೆಂದೂ ಬೆಂಗಳೂರಿನಲ್ಲಿ ಅವುಗಳ ಮಾರಾಟಕ್ಕೆ ಒಂದು ಕಟ್ಟೆ ತೆರೆದಿದೆಯೆಂದೂ ದೇಶಕ್ಕೆಲ್ಲ ಸಾರಿದರು. ಮರುತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯವರು, ಮೊಬೈಲಿನ ಮುಖಾಂತರ ಸಂದಾಯವಾದ ಹಣದ ಲೆಕ್ಕವನ್ನು ಕೈಯಲ್ಲಿ ಹಿಡಿದು, ಬೇಕರಿ, ಚಹದಂಗಡಿ, ತಿಂಡಿಯಂಗಡಿಗಳ ಸಾವಿರಾರು ಮಂದಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದರು. ಗದ್ದಲವಾಯಿತು, ಕೆಲವರು ತಮ್ಮ ಅಂಗಡಿಯ ಕ್ಯೂಆರ್ ಚೀಟಿಗಳನ್ನು ಹರಿದೊಗೆದರು, ಕಡೆಗೆ ಮುಖ್ಯಮಂತ್ರಿಗಳೇ ನಡುವೆ ಬಂದು ಹಳೆಯ ಬಾಕಿಯನ್ನು ಒತ್ತಾಯಿಸುವುದಿಲ್ಲವೆಂದು ಅಭಯವನ್ನು ಕೊಡಬೇಕಾಯಿತು. ಸೆಪ್ಟೆಂಬರ ೨೨ರಿಂದ ಚಪಾತಿ, ರೊಟ್ಟಿಗಳ ಮೇಲೆ ಇದ್ದ ನೂರಕ್ಕೆ ೫ರ ತೆರಿಗೆಯೂ ಪರೋಟದ ಮೇಲೆ ಇದ್ದ ನೂರಕ್ಕೆ ೧೮ರ ತೆರಿಗೆಯೂ ಪೂರ್ಣವಾಗಿ ತೊಲಗಿದವು. ಹೊಗಳಿಕೆ, ಹೆದರಿಕೆ, ರಿಯಾಯತಿ: ನಾಲ್ಕು ತಿಂಗಳೊಳಗೆ ಈ ಮೂರೂ ಒಂದೇ ತಟ್ಟೆಯಲ್ಲಿ ಬಡಿಸಲ್ಪಟ್ಟವು.

ಇವುಗಳಲ್ಲಿ ಯಾವುದನ್ನೂ ನಾವು ಹಳಿಯಲಾರೆವು. ಕಲಬುರಗಿಯ ತಾಯಂದಿರ ಕೈಗೆ ನಾಲ್ಕು ಕಾಸು ಬರುವುದೆಂದರೆ ನಮಗೆ ಸಂತೋಷವೇ. ತೆರಿಗೆ ಹೋದುದೂ ನೆಟ್ಟಗಾಯಿತು. ಆದರೆ ಈ ಮೂರು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ನೋಡುವವರಿಗೆ ಒಂದು ವಿಷಯವು ಹೊಳೆಯದಿರದು. ಸರಕಾರದ ಕಣ್ಣಿಗೆ ರೊಟ್ಟಿಯು ಕಾಣುವುದು ಅದು ಮಾರಾಟಕ್ಕೆ ನಿಂತಾಗ ಮಾತ್ರವೇ. ಮನೆಯಲ್ಲಿ ತಟ್ಟಿ, ನೆರೆಯವರಿಗೆ ಕೊಟ್ಟು, ಸೊಸೆಗೆ ಕಲಿಸಿ, ಜಾತ್ರೆಗೆ ಹೊತ್ತು ಹಾಕಿದ ರೊಟ್ಟಿಯು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ರೊಟ್ಟಿಯಂತೆಯೇ ಹಿತ್ತಲಿನಲ್ಲಿ ಕಟ್ಟಿದ ಕೋಳಿಯ ಗೂಡು, ಮನೆಯವರೇ ಕೂಡಿ ಎಬ್ಬಿಸಿದ ಗೋಡೆ, ಹಳೆಯ ಕಬ್ಬಿಣದಿಂದ ಮಾಡಿದ ಕಳೆ ಕೀಳುವ ಉಪಕರಣ, ಇವು ಯಾವುವೂ ಇಲ್ಲ. ಮಾಡುವ ಕೈಗೆ ಬೆಲೆ ಕಟ್ಟುವವರು ಉಂಟು. ಮಾಡಿದ್ದನ್ನು ಹಂಚುವ ಕೈಯನ್ನು ಕೇಳುವವರಿಲ್ಲ. ಇದು ಬೇರೆ ಯಾವ ಊರಿನಲ್ಲಿ ಆದರೂ ಸಣ್ಣ ಕೊರತೆ. ಬಸವಕಲ್ಯಾಣ, ಹುಮನಾಬಾದಗಳ ಸೀಮೆಯಲ್ಲಿ ಇದು ದೊಡ್ಡ ಕೊರತೆ. ಯಾತಕ್ಕೆಂದರೆ ಮಾಡುವುದು, ಹಂಚುವುದು ಎಂಬೆರಡು ಬೇರೆಬೇರೆಯಲ್ಲವೆಂದು ಲೋಕಕ್ಕೆ ಹೇಳಿದ ಊರು ಕಲ್ಯಾಣವೇ.

ಬೀದರ ಜಿಲ್ಲೆಯ ನಡವಳಿಕೆಯನ್ನು ಬಲ್ಲ ವಾಚಕರಿಗೆ ನಾವು ಇದನ್ನು ವಿಸ್ತರಿಸಿ ಹೇಳಬೇಕಾದ ಕಾರಣವಿಲ್ಲ; ದಕ್ಷಿಣದ ವಾಚಕರಿಗಾಗಿ ಹೇಳುತ್ತೇವೆ. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಊರುಗಳು ಬರಿದಾಗುತ್ತವೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಅಂಬಲಿ, ಹುಗ್ಗಿ, ಇವೆಲ್ಲಕ್ಕೂ ಮಿಗಿಲಾಗಿ ಭಜ್ಜಿ. ಆ ಕಾಲದಲ್ಲಿ ಹೊಲ ಹಿತ್ತಲುಗಳಲ್ಲಿ ದೊರೆಯುವ ಸೊಪ್ಪು, ಹಸಿಯ ಕಾಳು, ಕಾಯಿಪಲ್ಲೆಗಳನ್ನೆಲ್ಲ ಕೂಡಿಸಿ ಬೇಯಿಸಿ, ಹುಣಿಸೆಯ ಹುಳಿಯನ್ನೂ ಕಡಲೆಯ ಹಿಟ್ಟನ್ನೂ ಬೆರಸಿ ಮಾಡುವ ಈ ಪದಾರ್ಥವು ಒಂದು ಮನೆಯದರಂತೆ ಇನ್ನೊಂದು ಮನೆಯದು ಇರುವುದಿಲ್ಲ. ಹೊಲದ ತುಂಬ ಚರಗ ಚೆಲ್ಲಿದ ಮೇಲೆ ಹಾದಿಯಲ್ಲಿ ಹೋಗುವವನನ್ನು ಕರೆದು ಕೂಡಿಸಿ ಉಣಿಸದೆ ತಾವಷ್ಟೇ ಉಂಡರೆ ಹಬ್ಬವು ಆಯಿತೆಂದು ಯಾರೂ ತಿಳಿಯುವುದಿಲ್ಲ. ಬಂದವನು ಜಾತಿಯಲ್ಲಿ ಯಾರು, ಊರು ಯಾವುದು ಎಂದು ಕೇಳುವ ಪದ್ಧತಿ ಆ ದಿನಕ್ಕಿಲ್ಲ. ಅವನು ಹೊಗಳುವುದೂ ಉಂಟು. ಮುಂದಿನ ಹೊಲದವರ ಭಜ್ಜಿಯೇ ರುಚಿಯಾಗಿತ್ತೆಂದು ಹೇಳಿ ಗೃಹಿಣಿಯ ಕೋಪಕ್ಕೆ ಗುರಿಯಾಗುವುದೂ ಉಂಟು.

ಬೇಸಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಗಳ ಕೆಲಸವು ಒಬ್ಬಳ ಕೈಯಿಂದ ಆಗತಕ್ಕದ್ದಲ್ಲ. ಈ ಹೊತ್ತು ಈ ಮನೆಯಲ್ಲಿ, ನಾಳೆ ಆ ಮನೆಯಲ್ಲಿ ಓಣಿಯ ಹೆಂಗಸರು ನೆರೆದು ಮುಗಿಸಿಕೊಳ್ಳುತ್ತಾರೆ. ಗಂಡಸರ ಕೆಲಸದಲ್ಲಿ ಇದೇ ಮುಯ್ಯಾಳಿನ ಪದ್ಧತಿಯಾಗಿತ್ತು. ಹುಮನಾಬಾದಿನ ಕಡೆಗೆ ನೆಲದಡಿಯಲ್ಲಿ ಜಂಬಿಟ್ಟಿಗೆ, ಕಲ್ಯಾಣದ ಕಡೆಗೆ ಕರಿಕಲ್ಲು. ನೆಲವು ಕೊಟ್ಟ ಕಲ್ಲಿನಿಂದ ಗೋಡೆ ಏಳುತ್ತಿತ್ತು. ತೊಲೆ ಏರಿಸುವ ದಿನ, ಮಾಳಿಗೆಗೆ ಮಣ್ಣು ಹಾಕಿ ಬಡಿಯುವ ದಿನ ಊರಿನ ಹತ್ತು ಹೆಗಲುಗಳು ಕೂಡುತ್ತಿದ್ದವು. ಅವರಿಗೆ ಕೂಲಿಯಿಲ್ಲ, ಊಟವುಂಟು. ಅವರ ಮನೆಯ ತೊಲೆ ಏರುವ ದಿನ ಇವನು ಹೋಗುವ ಕರಾರು ಉಂಟು. ಕಾಂಕ್ರೀಟಿನ ಚಪ್ಪಡಿ ಬಂದ ಮೇಲೆ ಮುಯ್ಯಾಳು ಹೋದನು, ಗುತ್ತೇದಾರನು ಬಂದನು. ಮಣ್ಣಿನ ಮಾಳಿಗೆಯನ್ನು ಮಳೆಗೆ ಮುಂಚೆ ಹದಮಾಡುವ ವಿದ್ಯೆಯು ಈಗ ಮುದುಕರ ನೆನಪಿನಲ್ಲಿ ಉಳಿದಿದೆ; ಮುದುಕರು ಹೋದ ಮೇಲೆ ಅಲ್ಲಿಯೂ ಉಳಿಯದು.

ರೊಟ್ಟಿಯ ವಿದ್ಯೆಯಾದರೂ ಹಾಗೆಯೇ. ಪಟ್ಟಣದವರು ರೊಟ್ಟಿಯನ್ನು ಸುಲಭದ ತಿನಿಸೆಂದು ಭಾವಿಸಿದ್ದಾರೆ. ಗೋದಿಯ ಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿ ಇಲ್ಲ. ಕುದಿಯುವ ನೀರನ್ನು ಹಾಕಿ ಹಿಟ್ಟಿಗೆ ಜಿಗಿಯನ್ನು ತರಿಸಬೇಕು. ಬೇಕಾದಷ್ಟನ್ನೇ ನಾದಿ, ನಾದಿದ ಕೂಡಲೆ ತಟ್ಟಬೇಕು. ಬೀಸಿ ಬಹಳ ದಿನವಾದ ಹಿಟ್ಟು ಜಿಗಿಯನ್ನು ಕಳೆದುಕೊಂಡು ಅಂಚಿನಲ್ಲಿ ಸೀಳುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೆ ಮೇಲ್ಮೈಗೆ ನೀರು ಸವರಬೇಕು. ತಡವಾದರೆ ಬಿರುಕು, ಹೆಚ್ಚಾದರೆ ಹಸಿ. ಖಡಕ್ ರೊಟ್ಟಿಯಾಗಬೇಕಾದರೆ ಸಣ್ಣ ಉರಿಯಲ್ಲಿ ತೇವವನ್ನೆಲ್ಲ ಆರಿಸಬೇಕು. ಹಾಗೆ ಆರಿದ ರೊಟ್ಟಿಯು ವಾರಗಟ್ಟಲೆ ಕೆಡದು. ೨೦೧೯ನೆಯ ಆಗಸ್ಟಿನಲ್ಲಿ ಉತ್ತರ ಕರ್ನಾಟಕವು ಪ್ರವಾಹಕ್ಕೆ ಸಿಕ್ಕಿದಾಗ ನೀರಿಲ್ಲದ ಊರುಗಳ ಹೆಂಗಸರು ಮನೆಮನೆಯಲ್ಲಿ ರೊಟ್ಟಿ ತಟ್ಟಿ ಸಂತ್ರಸ್ತರಿಗೆ ಕಳುಹಿಸಿದರಲ್ಲವೆ? ಒಲೆಯೇ ಕೊಚ್ಚಿಹೋದವನಿಗೆ ಅದಕ್ಕಿಂತ ತಕ್ಕ ಆಹಾರವು ಬೇರೊಂದಿರಲಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಪ್ರತಿವರ್ಷವೂ ಲಕ್ಷಗಟ್ಟಲೆ ರೊಟ್ಟಿಗಳನ್ನು ದಾಸೋಹಕ್ಕೆ ಹೊತ್ತುಕೊಂಡು ಬರುತ್ತಾರೆ. ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿಯ ಜಾತ್ರೆಯೆಂದೇ ಒಂದುಂಟು. ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ, ಕರಿಂಡಿಗಳನ್ನು ಉಣ್ಣುತ್ತಾರೆ. ಈ ರೊಟ್ಟಿಗಳಿಗೆ ಮುದ್ರೆಯಿಲ್ಲ, ಪೊಟ್ಟಣವಿಲ್ಲ, ಬೆಲೆಯಿಲ್ಲ. ಆದರೂ ಇವು ದೇಶದ ಸಂಪತ್ತಲ್ಲವೆಂದು ಯಾವ ಅರ್ಥಶಾಸ್ತ್ರಜ್ಞನು ಹೇಳಬಲ್ಲನು?

ಇರಲಿ. ಮನೆಯ ವಿದ್ಯೆಯು ಹಂಚಿಕೊಳ್ಳತಕ್ಕ ವಿದ್ಯೆಯೆಂಬ ತಿಳಿವಳಿಕೆ ಈ ನೆಲದಲ್ಲಿ ಇಂದು ನಿನ್ನೆಯದಲ್ಲ. ಚಾಲುಕ್ಯ ಜಯಸಿಂಹನ ಆಳಿಕೆಯಲ್ಲಿ, ೧೦೨೫ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿಯೇ ಒಂದು ಗ್ರಂಥವನ್ನು ಬರೆದನು. ಮನೆ ಕಟ್ಟುವ ವಾಸ್ತು, ಬಾವಿಗೆ ನೀರಿನ ಸೆಲೆಯನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಪೋಷಣೆ, ಸುಗಂಧದ್ರವ್ಯ, ಅಡುಗೆ, ಔಷಧ, ಇವೆಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಅದಕ್ಕೆ ಅವನಿಟ್ಟ ಹೆಸರು ಲೋಕೋಪಕಾರ. ನೂರು ವರ್ಷಗಳ ತರುವಾಯ, ೧೧೨೯ರಲ್ಲಿ, ಕಲ್ಯಾಣದ ಸಿಂಹಾಸನದ ಮೇಲೆ ಕುಳಿತ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದನು. ಅದರ ನೂರು ಅಧ್ಯಾಯಗಳಲ್ಲಿ ಅರಮನೆಯ ಕಟ್ಟಡವೂ ಉಂಟು, ಅನ್ನಭೋಗವೂ ಉಂಟು. ಉದ್ದಿನ ಹಿಟ್ಟಿನ ಇಡ್ಡರಿಕೆಯನ್ನೂ ವಡೆಯನ್ನೂ ದೋಸೆಯನ್ನೂ ಪೋಳಿಯನ್ನೂ ಮಾಡುವ ಕ್ರಮವನ್ನು ಚಕ್ರವರ್ತಿಯೇ ಬರೆದಿಟ್ಟಿದ್ದಾನೆ. ಅಡುಗೆಮನೆಯ ಮಾತನ್ನು ಬರೆಯುವುದರಿಂದ ಕಿರೀಟಕ್ಕೆ ಕುಂದು ಬರುವುದೆಂದು ಆ ದೊರೆಯು ತಿಳಿಯಲಿಲ್ಲ.

ಆದರೂ ಅವನದು ಅರಸನ ದೃಷ್ಟಿ; ಅವನ ಅಧ್ಯಾಯಗಳಲ್ಲಿ ಉಣ್ಣುವವನಿಗೆ ಹೆಸರುಂಟು, ಬೇಯಿಸಿದವಳಿಗೆ ಇಲ್ಲ. ಆ ಮಾತನ್ನು ತಲೆಕೆಳಗು ಮಾಡಿದವರು ಅದೇ ಶತಮಾನದಲ್ಲಿ, ಅದೇ ಊರಿನಲ್ಲಿ ನೆರೆದ ಶರಣರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಧಾನ್ಯ ಕುಟ್ಟುವ ಕೊಟ್ಟಣದ ಸೋಮವ್ವೆ, ನೂಲುವ ಕದಿರ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ, ಬಿದ್ದ ಅಕ್ಕಿಯನ್ನು ಆಯುವ ಮಾರಯ್ಯ ಲಕ್ಕಮ್ಮರು; ಕೈಯ ಕೆಲಸವೇ ಇವರ ಹೆಸರಿಗೆ ಮುಂದಿನ ಬಿರುದಾಯಿತು. ಇಲ್ಲಿ ಒಂದು ಮಾತನ್ನು ನಮ್ಮ ಮುಂದಾಳುಗಳು ಮೇಲಿಂದ ಮೇಲೆ ಮರೆಯುತ್ತಾರೆ. ಶರಣರು ಕಾಯಕವನ್ನು ಎಂದೂ ಒಂಟಿಯಾಗಿ ಹೇಳಲಿಲ್ಲ, ದಾಸೋಹದೊಡನೆ ಹೇಳಿದರು. ಗಂಡನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಮಿಕ್ಕದ್ದು ನಮ್ಮದಲ್ಲವೆಂದು ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಕಳುಹಿಸಿದಳೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಇಂದಿನ ಸಭೆಗಳಲ್ಲಿ ಕಾಯಕದ ಮಾತು ಧಾರಾಳವಾಗಿ ಕೇಳಬರುತ್ತದೆ. ದಾಸೋಹವೆಂದರೆ ಮಠದ ಊಟವೆಂದಷ್ಟಕ್ಕೆ ಅರ್ಥವನ್ನು ಕುಗ್ಗಿಸಿ, ಉದ್ಯೋಗದ ಮಾತಿನಿಂದ ಅದನ್ನು ಹೊರಗಿಟ್ಟಿದ್ದೇವೆ.

ಹೊರಗಿಟ್ಟುದರ ಫಲವು ಸರಕಾರದ ಯೋಜನೆಗಳಲ್ಲಿ ಕಾಣುತ್ತದೆ. ೨೦೨೩ನೆಯ ಸೆಪ್ಟೆಂಬರ ೧೭ರಂದು ಕೇಂದ್ರ ಸರಕಾರವು ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. (ಅದು ನಿಜಾಮನ ಆಳಿಕೆಯಿಂದ ಈ ಸೀಮೆಯು ೧೯೪೮ರಲ್ಲಿ ಬಿಡುಗಡೆಯಾದ ದಿನವೂ ಹೌದು.) ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಗವಂಡಿ, ದರ್ಜಿ, ಅಗಸ, ಕ್ಷೌರಿಕ, ಹೂಮಾಲೆ ಕಟ್ಟುವವರು, ಬುಟ್ಟಿ ಚಾಪೆ ಹೆಣೆಯುವವರು, ಹೀಗೆ ೧೮ ಕಸುಬುಗಳನ್ನು ಗೊತ್ತುಮಾಡಿ, ಉಪಕರಣಗಳಿಗೆ ೧೫,೦೦೦ ರೂಪಾಯಿ, ನೂರಕ್ಕೆ ೫ರ ಬಡ್ಡಿಯಲ್ಲಿ ಮೊದಲು ೧ ಲಕ್ಷ, ಆಮೇಲೆ ೨ ಲಕ್ಷ ರೂಪಾಯಿಯ ಸಾಲ ಎಂದು ವ್ಯವಸ್ಥೆ ಮಾಡಿದರು. ಒಳ್ಳೆಯ ಕಾರ್ಯ. ಆದರೆ ಆ ೧೮ರಲ್ಲಿ ಅನ್ನ ಬೇಯಿಸುವ, ರೊಟ್ಟಿ ತಟ್ಟುವ ಕಸುಬು ಇಲ್ಲ. ಕಲ್ಯಾಣದ ಶರಣರ ಸಭೆಯಲ್ಲಿ ಕುಟ್ಟುವವಳಿಗೂ ಗುಡಿಸುವವಳಿಗೂ ಆಸನವಿತ್ತು; ಎಂಟುನೂರೈವತ್ತು ವರ್ಷಗಳ ತರುವಾಯ ಸಿದ್ಧವಾದ ಪಟ್ಟಿಯಲ್ಲಿ ಅವಳಿಗಿಲ್ಲ. ಆಹಾರದ ಕಸುಬುಗಳಿಗಾಗಿ ೨೦೨೦ರಲ್ಲಿ ಆರಂಭವಾದ ಬೇರೊಂದು ಯೋಜನೆ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಹೌದು, ಕಿರು ಆಹಾರ ಸಂಸ್ಕರಣ ಘಟಕಗಳಿಗೆ ಕೇಂದ್ರದಿಂದ ನೂರಕ್ಕೆ ೩೫ರಷ್ಟು ಸಹಾಯಧನವನ್ನು ಗೊತ್ತುಮಾಡಿದರು, ನಮ್ಮ ರಾಜ್ಯವು ತನ್ನ ಪಾಲನ್ನು ಸೇರಿಸಿ ಅದನ್ನು ನೂರಕ್ಕೆ ೫೦ಕ್ಕೆ ಏರಿಸಿತು, ಸ್ವಸಹಾಯ ಸಂಘದ ಸದಸ್ಯೆಗೆ ೪೦,೦೦೦ ರೂಪಾಯಿಯ ಬೀಜಧನವನ್ನೂ ಇಟ್ಟರು. ಆದರೆ ಆ ಹಣವು ದೊರೆಯಬೇಕಾದರೆ ಅವಳು ಘಟಕವಾಗಬೇಕು. ಯಂತ್ರವನ್ನು ಕೊಳ್ಳಬೇಕು, ಸಾಲದ ಕಾಗದಕ್ಕೆ ರುಜು ಹಾಕಬೇಕು, ಮಾರಬೇಕು. ಮಾರಲೊಲ್ಲದೆ, ತನ್ನ ಕೈಯ ಹದವನ್ನು ಊರಿನ ಹತ್ತು ಹುಡುಗಿಯರಿಗೆ ಕಲಿಸುತ್ತೇನೆಂದು ಬರುವ ಮುದುಕಿಗೆ ಕೊಡಲು ಯಾವ ಯೋಜನೆಯಲ್ಲಿಯೂ ಒಂದು ಕಾಸಿಲ್ಲ.

೨೦೨೪ರಲ್ಲಿ ನಡೆದ ಕಾಲವಿನಿಯೋಗದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನು ಅದರಲ್ಲಿ ಕಳೆಯುತ್ತಾರೆ. ಪುರುಷರು ೮೮ ನಿಮಿಷಗಳನ್ನು. ಸುಮಾರು ಐದು ತಾಸಿನ ಈ ಕೆಲಸವನ್ನೆಲ್ಲ ಮಾರಾಟದ ಕಟ್ಟೆಗೆ ತಂದು ನಿಲ್ಲಿಸುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಆ ಕೆಲಸದೊಳಗೆ ಅಡಗಿರುವ ಜಾಣತನಕ್ಕೆ ಒಂದು ನೋಟ, ಒಂದು ಮೆಚ್ಚುಗೆ, ಒಬ್ಬ ಶಿಷ್ಯೆ ದೊರೆಯಬೇಕೆಂಬುದೇ ನಮ್ಮ ಮಾತು. ಬೆಂಗಳೂರಿನ ಕಟ್ಟೆಯಲ್ಲಿ ರೊಟ್ಟಿ ಸಿಕ್ಕೀತು. ರೊಟ್ಟಿ ತಟ್ಟಬಲ್ಲ ಮೊಮ್ಮಗಳು ಸಿಕ್ಕಾಳೆ? ಮನೆಯಲ್ಲಿ ತಟ್ಟುವುದನ್ನು ನಿಲ್ಲಿಸಿ ಪೊಟ್ಟಣವನ್ನು ಕೊಳ್ಳುವ ಅಭ್ಯಾಸವು ಎರಡು ತಲೆಮಾರು ನಡೆದರೆ, ಮೂರನೆಯ ತಲೆಮಾರಿಗೆ ರೊಟ್ಟಿಯ ಸಂಘಕ್ಕೆ ಸೇರತಕ್ಕ ಕೈಗಳೇ ಇರವು.

ಇನ್ನು ಗಂಡಸರ ಹಿತ್ತಲಿನ ವಿದ್ಯೆಗೆ ಬರೋಣ. ಬಸವಕಲ್ಯಾಣದ ಆಟೋನಗರವನ್ನು ಹೆದ್ದಾರಿಯಲ್ಲಿ ಹೋಗುವ ಲಾರಿಯವರೆಲ್ಲ ಬಲ್ಲರು. ಏಷ್ಯದಲ್ಲಿಯೇ ದೊಡ್ಡದೆಂದು ಊರಿನವರು ಹೆಮ್ಮೆಪಡುವುದುಂಟು. ಅಳತೆಯ ವಾದವು ನಮಗೆ ಬೇಡ. ಬರಿಯ ಚೌಕಟ್ಟಾಗಿ ಬಂದ ಲಾರಿಗೆ ಮರ, ತಗಡು, ಕಬ್ಬಿಣಗಳಿಂದ ಒಡಲನ್ನು ಕಟ್ಟಿ, ಬಣ್ಣ ಬಳಿದು, ಹೂಬಳ್ಳಿಗಳನ್ನು ಬರೆದು ಕಳುಹಿಸುವ ಈ ವಿದ್ಯೆಯನ್ನು ಇಲ್ಲಿ ಹುಡುಗನು ಉಸ್ತಾದನ ಕೈಕೆಳಗೆ ನಿಂತು ಕಲಿಯುತ್ತಾನೆ. ಪಾಠದ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಈಗ ಮೇಲಿಂದ ಹೊಸ ನಿಯಮಗಳು ಬಂದಿವೆ. ಕೇಂದ್ರದ ೨೦೨೩ನೆಯ ಡಿಸೆಂಬರದ ಅಧಿಸೂಚನೆಯು, ೨೦೨೫ನೆಯ ಅಕ್ಟೋಬರ ೧ರಿಂದ ತಯಾರಾಗುವ, ಮೂರೂವರೆ ಟನ್ನಿಗೆ ಮಿಕ್ಕ ತೂಕದ ಸರಕಿನ ಗಾಡಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣವು ಇರಲೇಬೇಕೆಂದು ವಿಧಿಸಿತು. ಬೀದರಿನ ಮೇ ತಿಂಗಳಿನ ಬಿಸಿಲಿನಲ್ಲಿ ಎಂಜಿನ್ನಿನ ಪಕ್ಕದಲ್ಲಿ ಕುಳಿತು ಗಾಡಿ ಓಡಿಸಿದವರು ಇದನ್ನು ತಪ್ಪೆಂದು ಹೇಳಲಾರರು, ನಾವೂ ಹೇಳುವುದಿಲ್ಲ. ಚಾಲಕನ ಪ್ರಾಣವು ಉಸ್ತಾದನ ಕಸುಬಿಗಿಂತ ದೊಡ್ಡದು. ಆದರೆ ಇಂಥ ಪ್ರತಿಯೊಂದು ನಿಯಮದಿಂದಲೂ ಕೋಣೆಯ ಕೆಲಸವು ದೊಡ್ಡ ಕಾರಖಾನೆಯ ಕಡೆಗೆ ಸರಿಯುತ್ತದೆ, ಆಟೋನಗರಕ್ಕೆ ಹಿಂದಿನ ತೊಟ್ಟಿಯ ಕೆಲಸವಷ್ಟೇ ಉಳಿಯುತ್ತದೆ. ಹೊಸ ನಿಯಮಕ್ಕೆ ತಕ್ಕಂತೆ ಕಟ್ಟುವುದನ್ನು ಉಸ್ತಾದರಿಗೆ ಕಲಿಸುವ ಒಂದು ಶಾಲೆ, ಅವರೆಲ್ಲರೂ ಉಪಯೋಗಿಸತಕ್ಕ ಒಂದು ಸಾಮಾನ್ಯ ಪರೀಕ್ಷಾಕೇಂದ್ರ, ಇವೆರಡೂ ನಿಯಮದ ಜೊತೆಯಲ್ಲಿಯೇ ಬರಬೇಕಾಗಿತ್ತು. ನಿಯಮವನ್ನು ದಿಲ್ಲಿಯಿಂದ ಕಳುಹಿಸುವುದು ಸುಲಭ. ಕಲಿಸುವವನನ್ನು ಕಲ್ಯಾಣಕ್ಕೆ ಕಳುಹಿಸುವುದು ಕಷ್ಟ.

ನಿಯಮವೊಂದು ಬದಲಾದರೆ ಕೈಕೆಲಸವು ಹೇಗೆ ಮಂಕಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಖಾದಿಯ ರಾಷ್ಟ್ರಧ್ವಜವು ದೇಶದ ಹೆಮ್ಮೆ. ೨೦೨೧ನೆಯ ಡಿಸೆಂಬರ ೩೦ರಂದು ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿನ, ಯಂತ್ರದ ಬಟ್ಟೆಯ ಧ್ವಜಗಳಿಗೂ ಅನುಮತಿಯನ್ನು ಕೊಟ್ಟರು. ಒಂದು ರುಜುವಿನಿಂದ ನೂಲುವವಳ ಕೈಗೆ ಕೆಲಸವು ಕುಗ್ಗಿತು. ಧ್ವಜಗಳ ಸಂಖ್ಯೆಯು ಹೆಚ್ಚಿತೆಂದು ಸಮಾಧಾನ ಹೇಳಿದವರಿದ್ದರು. ಆ ಸಮಾಧಾನವು ನಮ್ಮ ಮನಸ್ಸಿಗೆ ಹಿಡಿಸಲಿಲ್ಲ.

ಆಹಾರದ ನಿಯಮಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆ. ಅಲ್ಲಿ ದೋಷವು ನಿಯಮದಲ್ಲಿರುವುದಕ್ಕಿಂತ ನಿಯಮವು ಜನರಿಗೆ ಮುಟ್ಟುವ ಬಗೆಯಲ್ಲಿದೆ. ೨೦೦೬ನೆಯ ಆಹಾರ ಸುರಕ್ಷತೆಯ ಕಾಯಿದೆಯ ಅಡಿಯಲ್ಲಿ ೨೦೧೧ರಲ್ಲಿ ಮಾಡಿದ ನಿಯಮಗಳು, ವರ್ಷಕ್ಕೆ ೧೨ ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ ಬರಿಯ ನೋಂದಣಿ ಸಾಕೆಂದೂ ಅದರ ಶುಲ್ಕವು ವರ್ಷಕ್ಕೆ ೧೦೦ ರೂಪಾಯಿಯೆಂದೂ ಗೊತ್ತುಮಾಡಿದವು. ಮನೆಯಲ್ಲಿ ಕೇಕು ಬೇಯಿಸಿ ನೆರೆಹೊರೆಗೆ ಕೊಡುವ ಹುಮನಾಬಾದಿನ ಹೆಣ್ಣುಮಗಳಿಗೆ ಇದು ಭಾರವೇ? ಅಲ್ಲ. ಆದರೆ ನೋಂದಣಿಯನ್ನು ಗಣಕಯಂತ್ರದ ಮುಂದೆ ಕುಳಿತು ಮಾಡಬೇಕು. ದಲ್ಲಾಳಿಯು ನೂರರ ಕೆಲಸಕ್ಕೆ ಎಷ್ಟನ್ನು ಕೇಳುವನೆಂಬುದು ಅವನ ಮುಖವನ್ನೂ ಇವಳ ಮುಖವನ್ನೂ ಅವಲಂಬಿಸಿದೆ. ಜುಲೈಯ ತೆರಿಗೆಯ ನೋಟೀಸುಗಳ ಕಥೆಯೂ ಇಂಥದೇ. ಸರಕಿನ ವ್ಯಾಪಾರಕ್ಕೆ ೪೦ ಲಕ್ಷ, ಸೇವೆಗೆ ೨೦ ಲಕ್ಷ ರೂಪಾಯಿಯ ವಹಿವಾಟನ್ನು ಮೀರಿದವರಿಗೆ ಸಂಬಂಧಿಸಿದ ಮಾತು ಅದು. ಮನೆಯ ಒಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಹೆದರಿಕೆಗೆ ಮಿತಿಯ ಲೆಕ್ಕ ತಿಳಿಯದು. ಅಂಗಡಿಯವನಿಗೆ ಬಂದ ನೋಟೀಸಿನ ಸುದ್ದಿಯನ್ನು ಕೇಳಿ, ಹತ್ತು ರೂಪಾಯಿಯ ಚಕ್ಕುಲಿಯನ್ನು ಮಾರುವವಳೂ ಫೋನಿನ ಹಣವನ್ನು ಬೇಡವೆನ್ನತೊಡಗಿದರೆ, ಆ ಹೆದರಿಕೆಯನ್ನು ನಿವಾರಿಸುವ ಭಾರವು ನೋಟೀಸು ಕೊಟ್ಟವರ ಮೇಲೆಯೇ ಇದೆ. ಅಮೇರಿಕೆಯ ಕ್ಯಾಲಿಫೋರ್ನಿಯದಲ್ಲಿ ೨೦೧೨ರಲ್ಲಿ ಗೃಹಾಹಾರದ ಕಾಯಿದೆಯೊಂದನ್ನು ಮಾಡಿ, ಬೇಗನೆ ಕೆಡದಂಥ ಇಂತಿಂಥ ತಿನಿಸುಗಳನ್ನು ಮನೆಯ ಅಡುಗೆಕೋಣೆಯಲ್ಲಿಯೇ ಮಾಡಿ ಮಾರಬಹುದೆಂದು ಪಟ್ಟಿಯನ್ನು ಕೊಟ್ಟರು. ಪಟ್ಟಿಯಲ್ಲಿದೆಯೇ, ಭಯವಿಲ್ಲ. ನಮ್ಮ ಖಡಕ್ ರೊಟ್ಟಿ, ಶೇಂಗಾದ ಹೋಳಿಗೆ, ಚಟ್ನಿಪುಡಿಗಳಿಗೆ ಅಂಥದೊಂದು ಕನ್ನಡದ ಪಟ್ಟಿಯನ್ನು ಪ್ರತಿಯೊಂದು ಪಂಚಾಯತಿಯ ಗೋಡೆಗೂ ಅಂಟಿಸಿದರೆ ಖರ್ಚೆಷ್ಟು?

ಹಂಚಿಕೊಳ್ಳುವುದಕ್ಕೆ ಒಂದು ಜಾಗ ಬೇಕು. ಹಿಂದೆ ಅದು ಅಂಗಳವಾಗಿತ್ತು, ಕಟ್ಟೆಯಾಗಿತ್ತು. ಈಗ ಬೇರೆ ಜಾಗಗಳನ್ನು ಹುಡುಕಬೇಕಾಗಿದೆ. ಗ್ರಾಮ ಪಂಚಾಯತಿಗಳ ಪುಸ್ತಕಾಲಯಗಳಿಗೆ ನಮ್ಮ ಸರಕಾರವು ಅರಿವು ಕೇಂದ್ರವೆಂದು ಹೆಸರಿಟ್ಟಿದೆ. ಹೆಸರು ಶರಣರ ಮನೆಯದು, ಬಹಳ ಚೆನ್ನಾಗಿದೆ. ಆದರೆ ಅರಿವು ಪುಸ್ತಕದಲ್ಲಿ ಮಾತ್ರವೇ ಇರುವುದೆಂದು ಶರಣರು ಎಲ್ಲಿಯೂ ಹೇಳಲಿಲ್ಲ. ಅಮೇರಿಕೆಯ ಬರ್ಕ್ಲಿ ಪಟ್ಟಣದ ಪುಸ್ತಕಾಲಯವು ೧೯೭೯ರಿಂದ ಪುಸ್ತಕಗಳಂತೆಯೇ ಸುತ್ತಿಗೆ, ಗರಗಸ, ಏಣಿಗಳನ್ನೂ ಜನರಿಗೆ ಎರವಲು ಕೊಡುತ್ತ ಬಂದಿದೆ. ಬಸವಕಲ್ಯಾಣ, ಹುಮನಾಬಾದ, ಅವುಗಳಿಂದ ಬೇರ್ಪಟ್ಟ ಹುಲಸೂರು, ಚಿಟಗುಪ್ಪ, ಈ ನಾಲ್ಕು ತಾಲೂಕುಗಳ ಅರಿವು ಕೇಂದ್ರಗಳಲ್ಲಿ ಒಂದೊಂದು ಕಪಾಟು ಉಪಕರಣಗಳಿಗಾಗಿ ಇರಲಿ. ತಿಂಗಳಿಗೆ ಒಂದು ಸಂಜೆ ಊರಿನವರು ತಾವು ಮಾಡಿದ್ದನ್ನು ತಂದು ತೋರಿಸಲಿ, ಮಾಡಿದ ಬಗೆಯನ್ನು ಹೇಳಲಿ. ಬೀದರ ಜಿಲ್ಲೆಗೆ ಇಂಥ ಕೂಟವು ಹೊಸದಲ್ಲ. ಇಲ್ಲಿನ ಜಿಲ್ಲಾ ಸಹಕಾರಿ ಬ್ಯಾಂಕು ೧೯೯೦ರ ದಶಕದಲ್ಲಿಯೇ ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಸಾಲ ಕೊಟ್ಟು ದೇಶದ ಇತರ ಸಹಕಾರಿ ಬ್ಯಾಂಕುಗಳಿಗೆ ಮೇಲ್ಪಂಕ್ತಿಯಾಯಿತು. ಸಂಘದ ಸಭೆಗಳು ಉಳಿತಾಯದ ಲೆಕ್ಕಕ್ಕಾಗಿ ನೆರೆಯುತ್ತವೆ. ಲೆಕ್ಕವು ಮುಗಿದ ಮೇಲೆ ಒಂದು ತಾಸು ಕೈಗೆಲಸಕ್ಕೆ ಮೀಸಲಾದರೆ ಬ್ಯಾಂಕಿಗೆ ನಷ್ಟವಿಲ್ಲ.

ಹಂಚಿದರೆ ಬಡವನ ಹೊಟ್ಟೆಯ ಮೇಲೆ ಕಲ್ಲು ಬೀಳುವುದೆಂದು ಕೆಲವರು ಆಕ್ಷೇಪಿಸುವರು. ಕಸುಬಿನ ಗುಟ್ಟೇ ಕಸುಬುದಾರನ ಬಂಡವಾಳ. ಅದನ್ನು ಬಯಲು ಮಾಡಿದರೆ ನಾಳೆ ಹಣವಂತನು ಅದನ್ನೇ ಯಂತ್ರದಿಂದ ಮಾಡಿ ಮಾರುವನೆಂಬುದು ಅವರ ವಾದ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೀದರಿನ ಬಿದರಿ ಕೆಲಸದ ಮನೆಗಳಲ್ಲಿ ಕೋಟೆಯ ಮಣ್ಣನ್ನು ಆರಿಸುವ ಪರಿಜ್ಞಾನವು ತಂದೆಯಿಂದ ಮಗನಿಗೆ ಬರುವಂಥದು. ಆ ಕೆಲಸಕ್ಕೆ ಊರಿನ ಹೆಸರಿನ ರಕ್ಷೆ ೨೦೦೬ರಲ್ಲಿ ದೊರೆತುದು ನ್ಯಾಯವೇ. ಆದರೆ ಮಗನು ಕಲಿಯಲೊಲ್ಲದೆ ಹೈದರಾಬಾದಿಗೆ ಹೋದ ಮನೆಯಲ್ಲಿ ಗುಟ್ಟು ಯಾರಿಗೆ ಬಂಡವಾಳವಾದೀತು? ಆ ಕಲೆಯ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹಿಗ್ಗಿತು. ಹಿಗ್ಗಿದ ಮನೆಗಳಲ್ಲಿ ಎಷ್ಟು ಮನೆಗಳವರು ತಮ್ಮ ಹುಡುಗನನ್ನು ಎರಕದ ಒಲೆಯ ಮುಂದೆ ಕೂಡಿಸಲು ಒಪ್ಪುವರು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಬಾಯಲ್ಲಿ ಹಾಸ್ಯಕ್ಕೆ ಆಡಿ ನಡತೆಯಲ್ಲಿ ನಿಜಮಾಡುತ್ತಿದ್ದೇವೆ.

ಬಸವಕಲ್ಯಾಣದ ಹೊಸ ಅನುಭವ ಮಂಟಪದ ವಿಷಯವಾಗಿ ಒಂದು ಮಾತನ್ನು ಹೇಳಿಯೇ ತೀರಬೇಕು. ೨೦೨೧ನೆಯ ಜನವರಿ ೬ರಂದು ಅದಕ್ಕೆ ಶಂಕುಸ್ಥಾಪನೆಯಾದಾಗ ೫೦೦ ಕೋಟಿ ರೂಪಾಯಿಯ ಅಂದಾಜನ್ನು ಪ್ರಕಟಿಸಿದರು. ಅಂದಾಜು ಆಮೇಲೆ ಇನ್ನೂ ಏರಿತು. ಏಳೂವರೆ ಎಕರೆಯ ನೆಲ, ಆರು ಅಂತಸ್ತು, ೭೭೦ ಕಂಬಗಳು, ೭೭೦ ಜನರು ಕುಳಿತುಕೊಳ್ಳುವ ಸಭಾಂಗಣ, ಪುಸ್ತಕಾಲಯ, ಸಂಶೋಧನಾಲಯ, ಪ್ರಾರ್ಥನಾಮಂದಿರ, ಬಯಲು ರಂಗಮಂದಿರ ಎಂದು ವರ್ಣಿಸಿದರು. ೨೦೨೪ನೆಯ ಜನವರಿಯಲ್ಲಿ ರಾಜ್ಯ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸಾರಿತು. ಎಲ್ಲವೂ ಯೋಗ್ಯವೇ. ಹಗ್ಗ ಹೊಸೆಯುವವರೂ ಧಾನ್ಯ ಕುಟ್ಟುವವರೂ ಕುಳಿತ ಸಭೆಯ ನೆನಪಿಗೆ ಕಟ್ಟುವ ಮಂದಿರದಲ್ಲಿ ಹಗ್ಗ ಹೊಸೆಯಲಿಕ್ಕೆ ಎಡೆಯಿರಬೇಕಲ್ಲವೆ? ಅಲ್ಲಿ ಬರಿಯ ಉಪನ್ಯಾಸಗಳು ನಡೆದರೆ ಅದು ಶರಣರ ಸ್ಮಾರಕವಾದೀತು, ಶರಣರ ಮನೆಯಾಗಲಾರದು. ಒಂದು ಕಾಯಕಶಾಲೆ ಬೇಕು. ಅದರಲ್ಲಿ ಒಲೆ, ಬಡಗಿಯ ಮೇಜು, ಮಗ್ಗ, ತಿದಿ ಇರಬೇಕು; ಬಂದ ಯಾತ್ರಿಕನು ಪ್ರತಿಮೆಗೆ ಕೈಮುಗಿದ ತರುವಾಯ ಒಂದು ರೊಟ್ಟಿಯನ್ನಾದರೂ ತಟ್ಟಿ ನೋಡಿ ಹೋಗುವಂತಿರಬೇಕು. ಹಣದ ಮಾತನ್ನು ಎತ್ತುವವರಿಗೆ, ೨೦೨೪-೨೫ರ ಸಾಲಿಗೆ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ೫,೦೦೦ ಕೋಟಿ ರೂಪಾಯಿಗಳನ್ನು ಘೋಷಿಸಿದ್ದನ್ನು ನೆನಪಿಸಬೇಕಾಗುತ್ತದೆ. ೨೦೧೯ರಲ್ಲಿ ಸೀಮೆಗೆ ಕಲ್ಯಾಣವೆಂಬ ಹೆಸರು ಬಂದುದಕ್ಕೆ ಖರ್ಚಾಗಲಿಲ್ಲ. ಹೆಸರಿಗೆ ತಕ್ಕ ಕೆಲಸಕ್ಕೆ ಅಷ್ಟಿಷ್ಟು ಖರ್ಚಾದೀತು.

ಶಾಲೆ ಏಳುವವರೆಗೆ ಕಾದು ಕೂಡಬೇಕಾದ ಕಾರಣವೂ ಇಲ್ಲ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರಲ್ಲಿ ಹುಟ್ಟಿ ಹುಮನಾಬಾದಿನ ಬಳಿ ನೆಲೆನಿಂತ ಮಾಣಿಕಪ್ರಭುಗಳು ಈ ಎರಡು ಊರುಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದವರು. ಅವರ ಮಾಣಿಕನಗರದಲ್ಲಿ ದತ್ತಜಯಂತಿಗೆ ಸಕಲ ಮತದವರೂ ನೆರೆಯುತ್ತಾರೆ, ಅನ್ನದಾನವು ನಡೆಯುತ್ತದೆ. ಅದರ ಬೆನ್ನಿಗೆ ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ. ೨೦೧೭ರಲ್ಲಿ ಬೀದರದಿಂದ ಕಲಬುರಗಿಯವರೆಗೆ ರೈಲು ಓಡತೊಡಗಿದ ಮೇಲೆ ಜನರು ಬರುವುದೂ ಸುಲಭವಾಗಿದೆ. ಬರುವ ಜಾತ್ರೆಯಲ್ಲಿ ತಾಲೂಕಿನ ಆಡಳಿತದವರು ಒಂದು ಚಪ್ಪರವನ್ನು ಹಾಕಿಸಲಿ. ಮಾರಾಟದ ಅಂಗಡಿಗಳು ಬೇರೆ ಕಡೆ ಇರಲಿ. ಇಲ್ಲಿ ಆಟೋನಗರದ ಉಸ್ತಾದನು ಹುಡುಗರ ಮುಂದೆ ಮರವನ್ನು ಕೂಡಿಸಿ ತೋರಿಸಲಿ, ಹಳ್ಳಿಯ ಮುದುಕಿಯು ಭಜ್ಜಿಯ ಹದವನ್ನು ಹೇಳಲಿ, ಕಾಲೇಜಿನ ಹುಡುಗನು ತನ್ನ ಹಿತ್ತಲಿನಲ್ಲಿ ಕಟ್ಟಿದ ಗೋಬರ ಅನಿಲದ ತೊಟ್ಟಿಯ ನಕ್ಷೆಯನ್ನು ಹಂಚಲಿ. ಆಹಾರ ಸುರಕ್ಷತೆಯ ಅಧಿಕಾರಿಗಳು ಚಪ್ಪರದ ಬಾಗಿಲಲ್ಲಿಯೇ ಮೇಜು ಹಾಕಿಕೊಂಡು ಕುಳಿತು, ನಿಯಮವು ಹೇಳಿದಷ್ಟೇ ಹಣವನ್ನು ಪಡೆದು, ದಲ್ಲಾಳಿಯಿಲ್ಲದೆ ನೋಂದಣಿ ಮಾಡಿಕೊಡಲಿ. ಇದಕ್ಕೆ ವಿಧಾನಸೌಧದ ಮಂಜೂರಾತಿ ಬೇಕಾಗಿಲ್ಲ, ತಹಶೀಲದಾರರ ಮನಸ್ಸು ಸಾಕು. ಸಾಮಗ್ರಿಯೆಂದರೆ ಒಂದು ಚಪ್ಪರ, ನಾಲ್ಕು ಒಲೆ, ಎರಡು ಮೇಜು.